ಮೊದಲನೇ ಅಂಚು ಯಾವ ಕೈಗೆ

೨೭ ಜೂನ್ ೨೦೦೫, ಸೋಮವಾರ

ಸೆಂಟರಿನ ಯಜಮಾನರು ರಾಜಣ್ಣ ಇವತ್ತು ಒಪ್ಪಿಕೊಂಡುಬಿಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಮೊಳಕಾಲ್ಮೂರಿನ ನೇಕಾರರ ಸಂಘದ ಕಾರ್ಯದರ್ಶಿ ಜಂಪಣ್ಣ ಚಳ್ಳಕೆರೆಗೆ ಬಂದವರು ನಮ್ಮ ಕಂಪ್ಯೂಟರ್ ಸೆಂಟರಿಗೂ ಬಂದರು. "ಮದುವೆ ಸೀರೆ ರಾಜಣ್ಣ. ಒಂದು ಕಡೆ ಅಂಚು ಅಗಲ, ಇನ್ನೊಂದು ಕಡೆ ಸಣ್ಣ. ನಿಮ್ಮ ಮರುಳಪ್ಪ ಮೇಷ್ಟ್ರ ಪ್ರೋಗ್ರಾಮಲ್ಲಿ ಆಗ್ತೈತೋ ಇಲ್ವೋ?" ಅಂದರು. ರಾಜಣ್ಣ ಜೆರಾಕ್ಸ್ ತೆಗೆಯುತ್ತಲೇ ನನ್ನ ಕಡೆ ಕೈ ತೋರಿಸಿ, "ಆಗ್ತೈತ್ರಿ. ಶಾಂತಕುಮಾರಿ ಅವ್ಳಲ್ಲಾ," ಅಂದರು. ಶಾಂತಕುಮಾರಿ ಇದ್ದಾಳೆ, ಸರಿ. ಇದ್ದರೆ ಆಯಿತೇ?

ಆ ಪ್ರೋಗ್ರಾಮ್ ಬರೆದದ್ದು ಮರುಳಪ್ಪ ಸರ್. ನನಗೆ ಕಂಪ್ಯೂಟರ್ ಕಲಿಸಿದವರು. ಮೇಷ್ಟ್ರಾಗುವ ಮೊದಲು ಮಗ್ಗದಲ್ಲಿ ಕೂತವರು. ಸೀರೆಯ ಅಳತೆ ಕೊಟ್ಟರೆ ಅದು ಚೌಕುಳಿ ಹಾಳೆ ಅಚ್ಚು ಹಾಕುತ್ತದೆ, ಆ ಹಾಳೆ ನೋಡಿ ಮಗ್ಗದ ಮೇಲಿನ ರಟ್ಟಿಗೆ ತೂತು ಹೊಡೆಯುತ್ತಾರೆ, ತೂತು ಇದ್ದಂತೆ ಚಿತ್ತಾರ ಬೀಳುತ್ತದೆ. ಸಂಕ್ರಾಂತಿ ಹೊತ್ತಿಗೆ ಸರ್‌ಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತೂ ಹೋಯಿತು. ಮನೆಯಲ್ಲಿದ್ದ ಕಂಪ್ಯೂಟರಿನ ಡಿಸ್ಕ್ ಅದಕ್ಕೂ ಮೊದಲೇ ಸತ್ತಿತ್ತು, ಅವರು ಬರೆದ ಮೂಲ ಅದರ ಜೊತೆಗೇ ಹೋಯಿತು. ಈಗ ಇರುವುದು ಓಡುವ ಪ್ರತಿ ಮಾತ್ರ, ಓದಲು ಬರುವುದಿಲ್ಲ. ಬಾಯಿ ಹೊಲಿದ ಕಡಲೆಕಾಯಿ ಮೂಟೆ ಇದ್ದ ಹಾಗೆ.

ನನ್ನ ಭಯ ಅದಕ್ಕಲ್ಲ. ಹೊರಡುವಾಗ ಜಂಪಣ್ಣ ನನ್ನ ಕಡೆ ತಿರುಗಿ, "ನಿಮ್ಮಕ್ಕನ ಮಗ್ಗಕ್ಕೇ ಹಾಕ್ಸಾನ ಕಣಮ್ಮ. ಕೆಟ್ರೆ ಅಕ್ಕತಂಗೇರೇ ಜಡೆ ಹಿಡ್ಕಂಡು ಬಡ್ದಾಡ್ರಿ," ಅಂತ ನಕ್ಕರು. ಪಾಪಕ್ಕ ಯಾರ್ಯಾರದೋ ಮನೆಯ ಮಗ್ಗದಲ್ಲಿ ಕೂಲಿಗೆ ನೇಯ್ದವಳು. ಈ ಯುಗಾದಿಗೆ ಸಂಘ ಅವಳಿಗೇ ಅಂತ ಒಂದು ಮಗ್ಗ ಕೊಟ್ಟಿದೆ. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಮೂರು ಸೀರೆಯಷ್ಟು ಎಳೆ, ಕೆಡಿಸಿದರೆ ಮಗ್ಗ ವಾಪಸು, ಅದು ಸಂಘದ ಪದ್ಧತಿ. ರೇಷ್ಮೆ ಹಾಸು ಒಂದು ಸಲ ಮಗ್ಗಕ್ಕೆ ಏರಿದರೆ ಬಿಚ್ಚಿ ಕಟ್ಟುವ ಮಾತಿಲ್ಲ.

ಆಗಲ್ಲ ಅಂತ ಹೇಳಬೇಕಿತ್ತು. ನಾಳೆ ಹೇಳಲೇ?

೨೯ ಜೂನ್, ಬುಧವಾರ

ಹೇಳಲಿಲ್ಲ.

ಪ್ರೋಗ್ರಾಮಿನ ಮೆನು ಒಂದೇ ಅಂಚಿನ ಅಗಲ ಕೇಳುತ್ತದೆ, ಎರಡೂ ಕಡೆಗೆ ಅದನ್ನೇ ಹಾಕುತ್ತದೆ. ಇವತ್ತಿನವರೆಗೆ ಯಾರಿಗೂ ಎರಡು ಬೇರೆ ಬೇರೆ ಬೇಕಾಗಿರಲಿಲ್ಲ. ಆದರೆ ಹೋದ ವರ್ಷ ಸರ್ ಒಂದು ಮಾತು ಹೇಳಿದ ನೆನಪು: "ಎರಡು ಅಂಚಿಂದೂ ಬರ್ದಿದೀನಮ್ಮ, ಮೆನುಗೆ ಹಾಕಿಲ್ಲ. ಕೇಳೋರು ಯಾರು?" ಹೇಳಿದರೋ, ನಾನೇ ಕಲ್ಪಿಸಿಕೊಂಡೆನೋ. ಯೋಚನೆ ಮಾಡಿದಷ್ಟೂ ಅನುಮಾನ ಜಾಸ್ತಿ.

ಸೆಂಟರಿನಲ್ಲಿ ನನ್ನ ಜೊತೆಯವನು ಲೋಹಿತ, ಡಿಪ್ಲೊಮಾ ಓದಿದವನು. ಕೇಳಿದೆ. "ಬರ್ದಿದ್ರೂ ಅದು ಪ್ರೈವೇಟ್ ಮಾಡಿರ್ತಾರಕ್ಕ. ಹೊರಗಿನೋರು ಕರ್ದ್ರೆ ಓ ಅನ್ನಲ್ಲ. ಜಂಪಣ್ಣಂಗೆ ಕೈ ಮುಗ್ದ್ಬಿಡು," ಅಂದ. ಆಮೇಲೆ, "ಮುಗ್ಯೋ ಮುಂಚೆ ನನ್ ಡಿಪ್ಲೊಮಾದ ದಪ್ಪ ಪುಸ್ತಕದ ಕೊನೇಲಿ ರಿಫ್ಲೆಕ್ಷನ್ ಅಂತ ಐತೆ, ಓದು. ನಂಗಂತೂ ಪರೀಕ್ಷೆಗೆ ಬರ್ಲಿಲ್ಲ, ಬಿಟ್ಟೆ."

ಒಂಬತ್ತನೇ ಕ್ಲಾಸಿಗೆ ಬಿಡಿಸಿ ದೊಡ್ಡಉಳ್ಳಾರ್ತಿ ಕಾವಲಿಗೆ ಕುರಿ ಹಿಂದೆ ಕಳಿಸಿದರು ನನ್ನ. ಎಸ್ಸೆಸ್ಸೆಲ್ಸಿ ಆಮೇಲೆ ಖಾಸಗಿಯಾಗಿ ಕಟ್ಟಿದ್ದು, ಇಂಗ್ಲಿಷಿನಲ್ಲಿ ದಡ ಮುಟ್ಟಿದ್ದೇ ಹೆಚ್ಚು. ಒಂದು ಪುಟಕ್ಕೆ ಡಿಕ್ಷನರಿಯನ್ನು ಎಷ್ಟು ಸಲ ತೆಗೆದೆನೋ. ನನ್ನಂಥವಳು ಓದುವ ಅಧ್ಯಾಯವಲ್ಲ ಇದು. ಕಣ್ಣು ಉರಿ.

೧ ಜುಲೈ, ಶುಕ್ರವಾರ

ಬೆಳಗ್ಗೆಯಿಂದ ಕರೆಂಟು ಹೋಗಿ ಬಂದು ಹೋಗಿ ಬಂದು. ಆದರೂ ಒಂದು ಕೆಲಸ ಆಯಿತು. ಸರಿಯಾಗಿದೆಯೋ ಇಲ್ಲವೋ ತಿಳಿಯದು.

ನಾನು ತಿಳಿದುಕೊಂಡದ್ದನ್ನು ಬರೆದಿಡುತ್ತೇನೆ, ಮರೆತುಹೋಗುತ್ತದೆ. ಸರ್ ಬರೆದ ಕ್ಲಾಸಿನ ಹೆಸರು 'ಸೀರೆ'. ಕ್ಲಾಸು ಅಂದರೆ ಸೀರೆಯಲ್ಲ, ಸೀರೆ ಹುಟ್ಟುವ ಮನೆ. ಆ ಮನೆಗೆ ಬಾಗಿಲುಗಳಿರುತ್ತವೆ, ಅವಕ್ಕೆ ಕನ್‌ಸ್ಟ್ರಕ್ಟರ್ ಅನ್ನುತ್ತಾರೆ. ಬಾಗಿಲಲ್ಲಿ ಕೇಳಿದ್ದನ್ನು ಕೊಟ್ಟರೆ ಒಳಗಿನಿಂದ ಒಂದು ಸೀರೆ ತಯಾರಾಗಿ ಬರುತ್ತದೆ. ಬರೆದವರಿಗೆ ಬಾಗಿಲು ಎಲ್ಲಿದೆ ಅಂತ ಗೊತ್ತು. ಗೊತ್ತಿಲ್ಲದವರು ರಿಫ್ಲೆಕ್ಷನ್ನಿನಿಂದ ಮನೆಯನ್ನೇ ಕೇಳಬಹುದು: ನಿನಗೆ ಎಷ್ಟು ಬಾಗಿಲು, ಯಾವ ಬಾಗಿಲಲ್ಲಿ ಏನೇನು ಕೊಡಬೇಕು? ಅದು ಸುಳ್ಳು ಹೇಳುವುದಿಲ್ಲ. ಕೇಳಿದಷ್ಟನ್ನೇ ಹೇಳುತ್ತದೆ.

ಕೇಳಿದೆ. ಗೆಟ್ ಡಿಕ್ಲೇರ್ಡ್ ಕನ್‌ಸ್ಟ್ರಕ್ಟರ್ಸ್ ಅಂತ ಉದ್ದದ ಸಾಲು, ಸ್ಪೆಲಿಂಗ್ ತಪ್ಪಿ ತಪ್ಪಿ ಬೈಗುಳ ಬಂತು. ಕೊನೆಗೆ ಎರಡು ಬಾಗಿಲು ತೋರಿಸಿತು. ಒಂದು ಎಲ್ಲರದು: ಒಂದು ಸಂಖ್ಯೆ, ಒಂದು ಪದ. ಮೆನು ಬಳಸುವುದು ಅದನ್ನೇ, ಅಂಚಿನ ಅಗಲ ಮತ್ತು ಚಿತ್ತಾರದ ಹೆಸರು. ಇನ್ನೊಂದು ಪ್ರೈವೇಟ್: ಸಂಖ್ಯೆ, ಸಂಖ್ಯೆ, ಪದ.

ಎರಡು ಸಂಖ್ಯೆ! ಸರ್ ಹೇಳಿದ್ದು ನಿಜ. ನಾನು ಕಲ್ಪಿಸಿಕೊಂಡದ್ದಲ್ಲ.

ಸಂತೋಷ ಎಷ್ಟು ಹೊತ್ತು? ಸಂಖ್ಯೆ ಅಂತ ಹೇಳುತ್ತದೆ ಹೊರತು ಯಾವುದರ ಸಂಖ್ಯೆ ಅಂತ ಹೇಳುವುದಿಲ್ಲ. ಆ ಬಾಗಿಲಿನಿಂದ ಸೀರೆ ಕೇಳಿದರೆ, ನಿನಗೆ ಪ್ರವೇಶವಿಲ್ಲ ಅಂತ ಒಂದು ಕೆಂಪು ಸಾಲು.

೪ ಜುಲೈ, ಸೋಮವಾರ

ತೆರೆಯಿತು. ಪುಸ್ತಕದಲ್ಲಿ ಮುಂದಿನ ಪುಟದಲ್ಲೇ ಇತ್ತು. ಸೆಟ್ ಆಕ್ಸೆಸಿಬಲ್, ಟ್ರೂ. ಬಾಗಿಲಿಗೆ ಹೇಳುವುದು ಅಷ್ಟೇ: ನನ್ನನ್ನು ಬಿಡು. ಬಿಟ್ಟುಬಿಟ್ಟಿತು. ಮೊದಲನೇ ಸಂಖ್ಯೆ ಎಂಟು, ಎರಡನೆಯದು ಮೂರು, ಪದಕ್ಕೆ ರುದ್ರಾಕ್ಷಿ ಅಂತ ಕೊಟ್ಟು, ನ್ಯೂ ಇನ್‌ಸ್ಟೆನ್ಸ್ ಅಂದೆ. ಪ್ರಿಂಟರ್ ಗರಗರ ಅನ್ನತೊಡಗಿತು. ಎಂಟಿಂಚಿನ ಹಾಳೆ, ಮೇಲೆ 'ಅಂಚು ೧'. ಮೂರಿಂಚಿನ ಹಾಳೆ, ಮೇಲೆ 'ಅಂಚು ೨'.

ಲೋಹಿತ ಎದ್ದು ಬಂದು ನೋಡಿ, "ಲೇ ಅಕ್ಕಾ!" ಅಂದ. ರಾಜಣ್ಣ ಟೀ ತರಿಸಿದರು. ನಾನು ಟೀ ಬದಿಗಿಟ್ಟು ಹಾಳೆಗಳನ್ನೇ ತಿರುಗಿಸಿ ನೋಡಿದೆ.

ಅಂಚು ೧ ಅಂದರೆ ಯಾವ ಕಡೆ? ಮಗ್ಗದಲ್ಲಿ ಕೂತವರ ಎಡಗೈ ಕಡೆಗೋ ಬಲಗೈ ಕಡೆಗೋ? ಎರಡೂ ಅಂಚು ಒಂದೇ ಇದ್ದಾಗ ಆ ಪ್ರಶ್ನೆಯೇ ಇರಲಿಲ್ಲ. ಈಗ ಅಗಲದ್ದು ತಪ್ಪು ಕೈಗೆ ಬಿದ್ದರೆ, ಉಟ್ಟಾಗ ಅದು ಸೊಂಟಕ್ಕೆ ಹೋಗಿ ನೆರಿಗೆಯಲ್ಲಿ ಮುಚ್ಚಿಹೋಗುತ್ತದೆ, ಕಾಲ ಬಳಿ ಸಣ್ಣದು ಕಾಣುತ್ತದೆ. ಮದುವೆ ಹೆಣ್ಣಿಗೆ ಅಂಥ ಸೀರೆ ಯಾರು ಒಪ್ಪುತ್ತಾರೆ?

ಪಾಪಕ್ಕನಿಗೆ ಫೋನ್ ಮಾಡಿದೆ, ಸಂಘದ ನಂಬರಿಗೆ. "ನಮಗೇನೇ ಗೊತ್ತು? ಯಾವತ್ತೂ ಎರಡೂ ಕಡೆ ಒಂದೇ ನೇಯ್ದಿರೋದು. ನೀನು ಹೇಳ್ದಂಗೆ ಹಾಕ್ತೀನಿ," ಅಂದಳು. ನಾನು ಹೇಳಿದ ಹಾಗೆ!

ಸರ್‌ನೇ ಕೇಳುತ್ತೇನೆ. ಬರೆದವರು ಕಣ್ಣೆದುರೇ ಇದ್ದಾರೆ.

೫ ಜುಲೈ, ಮಂಗಳವಾರ

ಮರುಳಪ್ಪ ಸರ್ ಮನೆಗೆ ಹೋಗಿದ್ದೆ. ಎಣ್ಣೆ ಮಿಲ್ಲಿನ ಹಿಂದಿನ ಓಣಿ. ಸರ್ ದಿಂಬಿಗೊರಗಿ ಕೂತಿದ್ದರು, ಗಡ್ಡ ಬೋಳಿಸಿತ್ತು. ಅವರಿಗೀಗ ಒಂದೇ ಮಾತು, "ಆಯ್ತು". ಹಸಿವಿಗೂ ಆಯ್ತು, ಸಿಟ್ಟಿಗೂ ಆಯ್ತು. ಹೆಂಡತಿ ಸೂರಮ್ಮ, "ಮದ್ವೆ ಆದಾಗಿಂದ ಒಂದಿನ ನನ್ ಮಾತಿಗೆ ಆಯ್ತು ಅಂದೋರಲ್ಲ ನೋಡು, ಈಗ ದಿನಕ್ಕೆ ನೂರ್ ಸಲ," ಅಂದರು. ನಕ್ಕರು, ಸೆರಗಿನಿಂದ ಕಣ್ಣೂ ಒತ್ತಿಕೊಂಡರು.

ಹಾಳೆಗಳನ್ನು ತೋರಿಸಿದೆ. ಸರ್ ಕಣ್ಣು ದೊಡ್ಡದಾಯಿತು. 'ಅಂಚು ೧' ಮೇಲೆ ನೋಟ ನಿಲ್ಲಿಸಿದರು. ಗುರುತು ಸಿಕ್ಕಿತು ಅಂತ ಖಂಡಿತ. "ಸರ್, ಇದು ಮಗ್ಗದಲ್ಲಿ ಕೂತೋರ ಯಾವ ಕೈಗೆ ಬರ್ಬೇಕು?" ಅಂದೆ. "ಆಯ್ತು ಆಯ್ತು," ಅಂದರು. ಮತ್ತೆ ಕೇಳಿದೆ, ಬಿಡಿಸಿ ಬಿಡಿಸಿ. ಬಹಳ ಕಷ್ಟಪಟ್ಟು ಎಡಗೈ ಎತ್ತಿದರು. ಇನ್ನೊಂದು ಸಲ ಕೇಳಿದೆ, ನನಗೆ ಒಂದು ಸಲಕ್ಕೆ ಸಮಾಧಾನ ಇಲ್ಲ. ಮತ್ತೆ ಎಡಗೈಯನ್ನೇ ಎತ್ತಿ ಅಲ್ಲಾಡಿಸಿದರು. ಬೆವರುತ್ತಿದ್ದರು. ಸೂರಮ್ಮ ಸಾಕು ಅಂದರು.

ಎಡಗೈ. ಬರೆದವರ ಬಾಯಿಂದಲೇ ಬಂದ ಹಾಗೆ. ಎಷ್ಟೋ ದಿನದ ಮೇಲೆ ಇವತ್ತು ಎರಡು ಮುದ್ದೆ ಉಂಡೆ.

೭ ಜುಲೈ, ಗುರುವಾರ

ಮೊಳಕಾಲ್ಮೂರಿಗೆ ಹೋಗಿ ಹಾಳೆ ಕೊಟ್ಟು ಬಂದೆ. ಅಗಲದ್ದು ಎಡಗೈಗೆ ಅಂತ ಪಾಪಕ್ಕನಿಗೆ, ಅವಳ ಗಂಡ ಹನುಮಣ್ಣನಿಗೆ, ಜಂಪಣ್ಣನಿಗೆ, ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿದೆ. ಬಸ್ಸಿನಲ್ಲಿ ತಳಕಿನವರೆಗೆ ನಿಂತೇ ಬಂದೆ. ಸೊಂಟ ಬಿದ್ದುಹೋಗಿದೆ.

೧೬ ಜುಲೈ, ಶನಿವಾರ

ಹಾಸು ಏರಿತಂತೆ. ಸೋಮವಾರ ನೇಯ್ಗೆ ಶುರು. ಬರೆಯುವುದಕ್ಕೆ ಏನೂ ಇಲ್ಲ. ಇಡೀ ದಿನ ಪಹಣಿ ಅರ್ಜಿ ಟೈಪ್ ಮಾಡಿದೆ.

೧೯ ಜುಲೈ, ಮಂಗಳವಾರ

ಸಂಜೆ ಸರ್ ಮನೆ ಕಡೆ ಹೋಗಿದ್ದೆ, ಸೀರೆ ಶುರುವಾಯಿತು ಅಂತ ಹೇಳಲು. ಸೂರಮ್ಮ ಊಟ ಹಾಕುತ್ತಿದ್ದರು. "ಸಾರು ಬೇಕೋ ಮಜ್ಜಿಗೆ ಬೇಕೋ?" ಅಂದರು. ಸರ್ ಎಡಗೈ ಎತ್ತಿದರು. ಸಾರು ಹಾಕಿದರೆ ತಲೆ ಆಡಿಸಿ ಮತ್ತೆ ಎಡಗೈ ಎತ್ತಿದರು. ಮಜ್ಜಿಗೆ ಹಾಕಿದರು, ಸುಮ್ಮನಾದರು. ನಾನು, "ಸರ್ ಕೈ ಸನ್ನೆ ನಿಮಗೆ ಹೆಂಗ್ ತಿಳೀತದಮ್ಮ?" ಅಂದೆ, ಮಾತಿಗೆ.

"ಎಲ್ಲಿ ತಿಳೀತದವ್ವ? ಹೂಂ ಅಂದ್ರೂ ಆ ಕೈ, ಊಹೂಂ ಅಂದ್ರೂ ಆ ಕೈ. ಅದೊಂದೇ ಅಲ್ವ ಏಳೋದು."

ಅದೊಂದೇ ಅಲ್ಲವೇ ಏಳೋದು.

ಬಲಗಡೆ ಬಿದ್ದುಹೋಗಿದೆ ಅಂತ ನಾನೇ ಬರೆದಿದ್ದೇನಲ್ಲ. ಆರು ತಿಂಗಳಿಂದ ನೋಡುತ್ತಿದ್ದೇನಲ್ಲ. ಯಾವ ಕೈ ಅಂತ ಕೇಳಿದರೆ ಅವರು ಬೇರೆ ಯಾವ ಕೈ ಎತ್ತಬೇಕಿತ್ತು? ಬಲ ಅನ್ನುವುದಿದ್ದರೂ ಅವರು ಎಡಗೈಯಿಂದಲೇ ಹೇಳಬೇಕು. ಪಾಪ, ಅಲ್ಲಾಡಿಸಿದರಲ್ಲ ಆವತ್ತು. ಅದು ಅಲ್ಲ, ಅಲ್ಲ ಅಂತ ಇದ್ದಿರಬಹುದು. ನಾನು ಹೌದು ಅಂತ ತಗೊಂಡೆ.

ಅಲ್ಲಿ ನಿನ್ನೆಯಿಂದ ನೇಯುತ್ತಿದ್ದಾರೆ. ಈಗ ಸಂಘಕ್ಕೆ ಬೀಗ, ಫೋನ್ ಎತ್ತುವವರಿಲ್ಲ. ತಪ್ಪು ಅಂತಲೂ ಗೊತ್ತಿಲ್ಲ, ಸರಿ ಅಂತಲೂ ಗೊತ್ತಿಲ್ಲ.

೨೦ ಜುಲೈ, ಬುಧವಾರ

ತಪ್ಪು.

ಲೋಹಿತ ಬರುವ ಮೊದಲೇ ಸೆಂಟರಿನ ಶಟರ್ ಎತ್ತಿ ಕೂತೆ. ಪುಸ್ತಕದ ಆ ಅಧ್ಯಾಯವನ್ನು ನಾನು ಬಾಗಿಲು ತೆರೆಯುವವರೆಗೆ ಓದಿ ಮುಚ್ಚಿಟ್ಟಿದ್ದೆ. ಮುಂದೆ ಓದಿದೆ. ಬಾಗಿಲಲ್ಲಿ ಕೊಟ್ಟ ಸಂಖ್ಯೆಗೆ ಹೆಸರಿರುವುದಿಲ್ಲ, ಆದರೆ ಆ ಸಂಖ್ಯೆಯನ್ನು ಒಳಗೆ ಇಟ್ಟುಕೊಳ್ಳುವ ಗೂಡಿಗೆ ಹೆಸರಿರುತ್ತದೆ. ಅವಕ್ಕೆ ಫೀಲ್ಡ್ ಅನ್ನುತ್ತಾರೆ. ಹುಟ್ಟಿದ ಸೀರೆಯನ್ನೇ ಹಿಡಿದು, ನಿನ್ನ ಗೂಡುಗಳ ಹೆಸರೇನು, ಯಾವುದರಲ್ಲಿ ಏನಿದೆ ಅಂತ ಕೇಳಬಹುದು. ಎಂಟು ಮತ್ತು ಮೂರು ಕೊಟ್ಟು ಒಂದು ಸೀರೆ ಹುಟ್ಟಿಸಿದೆ, ಕೇಳಿದೆ. ಸರ್ ಗೂಡುಗಳಿಗೆ ನಮ್ಮ ಮಾತಿನಲ್ಲೇ ಹೆಸರಿಟ್ಟಿದ್ದಾರೆ, ಇಂಗ್ಲಿಷ್ ಅಕ್ಷರದಲ್ಲಿ. ಬಲ: ಎಂಟು. ಎಡ: ಮೂರು.

ಉಟ್ಟವಳಿಗೆ ಸೀರೆಯಲ್ಲಿ ಎಡಬಲ ಇಲ್ಲ, ಮೇಲೆ ಕೆಳಗೆ ಅಷ್ಟೇ. ಎಡಬಲ ಇರುವುದು ಮಗ್ಗದಲ್ಲಿ ಕೂತವರಿಗೆ. ಸರ್ ಅಲ್ಲೇ ಕೂತು ಬರೆದಿದ್ದಾರೆ. ಇದರಲ್ಲಿ ನನಗೆ ಅನುಮಾನ ಉಳಿದಿಲ್ಲ.

ಸಂಘಕ್ಕೆ ಫೋನ್ ಹಚ್ಚಿದೆ. ಜಂಪಣ್ಣ ಎತ್ತಿದರು. "ಪಾಪಕ್ಕನ ಮಗ್ಗ ನಿಲ್ಲಿಸ್ರಿ. ಈಗ್ಲೇ. ನಾನು ಹೇಳಿದ್ದು ತಪ್ಪಾಗೈತೆ," ಅಂದೆ.

"ನಿಲ್ಲಿಸು ಅನ್ನಾಕೆ ನೀನ್ಯಾರಮ್ಮ?"

"ಹಾಳೆ ಕೊಟ್ಟೋಳು. ನಾನು ಬರೋಗಂಟ ಒಂದು ಎಳೆ ಹಾಕಬಾರ್ದು."

ಇಟ್ಟುಬಿಟ್ಟೆ. ರಾಜಣ್ಣ ಹಿಂದೆ ನಿಂತಿದ್ದರು. ಅವರನ್ನು ಕೇಳದೇ ಮಾಡಿದೆ ಅಂತ ಈಗ ಬರೆಯುವಾಗ ಹೊಳೆಯುತ್ತಿದೆ. ಬೈದರೋ ಇಲ್ಲವೋ ನೆನಪಿಲ್ಲ, ಹತ್ತೂವರೆ ಬಸ್ಸು ಹಿಡಿಯಬೇಕಿತ್ತು.

ಬಸ್ಸಿನಲ್ಲಿ ಕರ್ಚೀಫನ್ನು ತೊಡೆ ಮೇಲೆ ಹಾಸಿಕೊಂಡೆ. ಒಂದು ಕಡೆಯ ಅಂಚನ್ನು ಮಡಿಸಿ ಅಗಲ ಅಂತ ಗುರುತು ಮಾಡಿದೆ, ಒಂದು ತುದಿಗೆ ಗಂಟು ಹಾಕಿ ಸೆರಗು ಅಂದುಕೊಂಡೆ. ತಿರುಗಿಸಿದೆ, ಮಗುಚಿದೆ. ಪಕ್ಕದ ಹೆಂಗಸು, "ಏನವ್ವ, ಯಾರಾನಾ ಮಾಟ ಮಾಡ್ಸವ್ರ?" ಅಂದಳು. ಹಾನಗಲ್ ಬರುವ ಹೊತ್ತಿಗೆ ತಿಳಿಯಿತು. ಮಗುಚಿದರೆ ಕೆಲಸಕ್ಕೆ ಬಾರದು, ಹಿಂಬದಿ ಮೇಲೆ ಬರುತ್ತದೆ. ಮಗುಚದೆ, ಇದ್ದ ಹಾಗೇ ಈ ತುದಿಯನ್ನು ಆ ತುದಿಗೆ ತಿರುಗಿಸಿದರೆ ಎಡದ ಅಂಚು ಬಲಕ್ಕೆ ಹೋಗುತ್ತದೆ. ಆದರೆ ಸೆರಗೂ ತಿರುಗಿ ಈ ತುದಿಗೆ ಬರುತ್ತದೆ. ಅಂದರೆ, ಕೊನೆಗೆ ನೇಯುವ ಸೆರಗನ್ನು ಮೊದಲೇ ನೇಯ್ದುಬಿಟ್ಟರೆ? ಹಾಸು ಬಿಚ್ಚುವುದೇ ಬೇಡ. ರುದ್ರಾಕ್ಷಿ ಹೇಗೆ ತಿರುಗಿಸಿದರೂ ರುದ್ರಾಕ್ಷಿಯೇ, ಅದಕ್ಕೆ ತಲೆಯಿಲ್ಲ ಕಾಲಿಲ್ಲ. ನವಿಲೋ ಗಿಳಿಯೋ ಆಗಿದ್ದರೆ ತಲೆಕೆಳಗಾಗಿ ನಿಲ್ಲುತ್ತಿತ್ತು.

ಪಾಪಕ್ಕನ ಮನೆಯಲ್ಲೇ ಇದನ್ನು ಬರೆಯುತ್ತಿದ್ದೇನೆ. ಮಗ್ಗ ನಿಂತಿದೆ. ಅವಳು ನನ್ನ ಜೊತೆ ಮಾತಾಡುತ್ತಿಲ್ಲ.

೨೧ ಜುಲೈ, ಗುರುವಾರ

ಬೆಳಗ್ಗೆ ಪಾಪಕ್ಕ ಬಾಯಿ ಬಿಟ್ಟಳು. "ನೀನು ಹೇಳ್ದೆ ಅಂತ ಕೈ ಹಾಕ್ದೆ ಕಣೆ. ಎಲ್ರ ಮನೆ ಮಗ್ಗದಾಗೆ ಕುಂತು ಕುಂತು ಇದೊಂದು ನಂದು ಅಂತ ಬಂದಿತ್ತು."

"ಹೋಗಿಲ್ಲ ಅಕ್ಕ, ಇನ್ನೂ."

ಕರ್ಚೀಫ್ ಹಾಸಿ ತೋರಿಸಿದೆ. ಎರಡು ಸಲ ತೋರಿಸಿದ ಮೇಲೆ ಹನುಮಣ್ಣ ತನ್ನ ಟವೆಲು ತೆಗೆದು ತಾನೇ ತಿರುಗಿಸಿ ನೋಡಿದ. ಅವನು ರಾಯದುರ್ಗದ ಕಡೆಯವನು, ಯೋಚನೆ ಬಂದರೆ ತೆಲುಗೇ. "ಔನು ಗದಾ," ಅಂದ. "ಸೆರಗು ಮುಂದು. ಅಯಿತೇ ಸರಿಪೋತುಂದಿ, ಪಾಪಕ್ಕಾ." ಸೆರಗು ಮೊದಲು ನೇಯ್ದರೆ ಸರಿಹೋಗುತ್ತದೆ ಅಂತ. ಅಕ್ಕ ಟವೆಲು ಕಿತ್ತುಕೊಂಡು ಮತ್ತೊಮ್ಮೆ ತಿರುಗಿಸಿದಳು. ನನ್ನ ಮೇಲೆ ನಂಬಿಕೆ ಇಲ್ಲ. ಇರಬಾರದು ಕೂಡ.

ಜಂಪಣ್ಣ ಬಂದರು. "ಸೆರಗು ಮೊದ್ಲು ನೇಯ್ದೋರನ್ನ ನಾನು ಕಂಡಿಲ್ಲ. ಇದೂ ತಪ್ಪಾದ್ರೆ?"

"ಆದ್ರೆ ಮಗ್ಗ ತಗಂಡೋಗ್ರಿ," ಅಂದಳು ಪಾಪಕ್ಕ. ನಾನು ಹೇಳಬೇಕಿದ್ದ ಮಾತು ಅವಳು ಹೇಳಿದಳು.

ನೇಯ್ದಿದ್ದ ಗೇಣುದ್ದದ ಒಡಲು ಕೆಲಸಕ್ಕೆ ಬಾರದು, ಕತ್ತರಿಸಿ ಸೆರಗಿನಿಂದ ಶುರು ಮಾಡಬೇಕು. ಹನುಮಣ್ಣ ಕತ್ತರಿ ತಂದ, ಹಿಡಿದುಕೊಂಡೇ ನಿಂತ. ಪಾಪಕ್ಕ ಮುಖ ಆ ಕಡೆ ತಿರುಗಿಸಿದಳು. ನೇಯ್ದ ಕೈಯಿಂದ ಕತ್ತರಿಸಲು ಆಗುವುದಿಲ್ಲವಂತೆ. ನಾನು ಇಸಕೊಂಡು ಕತ್ತರಿಸಿದೆ. ರೇಷ್ಮೆ ಅಷ್ಟು ಸುಲಭಕ್ಕೆ ಕತ್ತರಿಗೆ ಸಿಗುವುದಿಲ್ಲ, ಜಾರುತ್ತದೆ, ಒತ್ತಿ ಹಿಡಿಯಬೇಕು.

ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ. ಕಂಡಕ್ಟರ್ ಎಬ್ಬಿಸಿದ.

೨ ಆಗಸ್ಟ್, ಮಂಗಳವಾರ

ಸರ್ ಮನೆಗೆ ಹೋದೆ. ಪ್ರಶ್ನೆ ಏನೂ ಕೇಳಲಿಲ್ಲ. ನಡೆದದ್ದನ್ನೆಲ್ಲ ಹೇಳಿ, ಹೊಸ ಹಾಳೆ ತೋರಿಸಿದೆ. ಅಂಚು ೧ ಇದ್ದ ಕಡೆ 'ಬಲಗೈ' ಅಂತ ಅಚ್ಚು ಬೀಳುವ ಹಾಗೆ ಹೊರಗಿನಿಂದ ಒಂದು ಚಿಕ್ಕ ಪ್ರೋಗ್ರಾಮ್ ಸೇರಿಸಿದ್ದೇನೆ. ಸರ್ ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ಸೂರಮ್ಮ ಮಜ್ಜಿಗೆ ಕೊಟ್ಟರು. ಬಿಸಿಲು ವಿಪರೀತ, ಆಷಾಢ ಅನ್ನುವುದು ಹೆಸರಿಗೆ ಮಾತ್ರ.

೧೪ ಆಗಸ್ಟ್, ಭಾನುವಾರ

ಮೊದಲ ಸೀರೆ ಮಗ್ಗದಿಂದ ಇಳಿಯಿತು. ಮೊಳಕಾಲ್ಮೂರಿಗೆ ಬಂದಿದ್ದೇನೆ.

ಸರಿಯಿದೆಯೋ ಅಂತ ಉಟ್ಟು ನೋಡುವ ಹಾಗಿಲ್ಲ. ಮದುವೆ ಸೀರೆಯನ್ನು ಮದುವಣಗಿತ್ತಿಗಿಂತ ಮೊದಲು ಯಾರೂ ಮೈಮೇಲೆ ಹಾಕಿಕೊಳ್ಳಬಾರದು, ನೇಯ್ದವರಂತೂ ಇಲ್ಲವೇ ಇಲ್ಲ. ಜಂಪಣ್ಣ ಬಾಗಿಲಲ್ಲಿ ಬಂದು ನಿಂತಿದ್ದಾರೆ. ಪಾಪಕ್ಕ ಸೀರೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದಾಳೆ. ಕೊನೆಗೆ ಅವಳೇ ನಡುಮನೆಯ ಕಂಬ ತೋರಿಸಿ, "ಇದಕ್ಕೇನು ಮೈಲಿಗೆ," ಅಂದಳು.

ಕಂಬಕ್ಕೆ ಉಡಿಸಿದೆವು. ನಾನು ನೆರಿಗೆ ಹಿಡಿದೆ, ಅಕ್ಕ ಸುತ್ತು ತಂದಳು, ನೆರಿಗೆ ನಿಲ್ಲಲೆಂದು ಹನುಮಣ್ಣ ತನ್ನ ಉಡಿದಾರ ಬಿಚ್ಚಿ ಕಟ್ಟಿದ. "ಪೆಳ್ಳಿಕೂತುರಿಗೆ ನಡ ಇಲ್ಲ, ಪಿರ್ರ ಇಲ್ಲ," ಅಂದ, ಮದುವಣಗಿತ್ತಿಗೆ ಸೊಂಟವೂ ಇಲ್ಲ, ಅಂಡೂ ಇಲ್ಲ ಅಂತ. ಪಾಪಕ್ಕ, "ಮಾತೂ ಇಲ್ಲ, ನಿಂಗೆ ತಕ್ಕೋಳು," ಅಂದಳು. ಸೆರಗನ್ನು ಎಡಗಡೆಗೆ, ಹೆಗಲು ಇರಬೇಕಾದ ಜಾಗದಲ್ಲಿ ಮೊಳೆಗೆ ಸಿಕ್ಕಿಸಿ, ಎಲ್ಲರೂ ಹಿಂದೆ ಸರಿದು ನಿಂತೆವು.

ಎಂಟಿಂಚಿನ ಅಂಚು ನೆಲದ ಬಳಿ, ಕಂಬದ ಕಲ್ಲಿನ ಸುತ್ತ ನಿಂತಿತ್ತು. ಸಣ್ಣದು ಮೇಲೆ ನೆರಿಗೆಯೊಳಗೆ ಎಲ್ಲಿ ಹೋಯಿತೋ ಕಾಣಲೇ ಇಲ್ಲ.

ಜಂಪಣ್ಣ ಒಂದು ಸುತ್ತು ಬಂದರು, ಬಗ್ಗಿ ಅಂಚನ್ನು ಹಿಂಬದಿಯಿಂದ ನೋಡಿದರು, ಎದ್ದರು. "ಇದೇ ಹಾಸಿನಾಗೆ ಇನ್ನೆರಡು ಐತಲ್ಲ. ಅವನ್ನೂ ಸೆರಗು ಮೊದ್ಲೇ ಹಾಕ್ರಿ," ಅಂತ ಪಾಪಕ್ಕನಿಗೆ ಹೇಳಿ, ನನ್ನ ಕಡೆ ನೋಡದೆ, "ನವಿಲಿಂದು ಒಂದು ಕೇಳ್ತಾವ್ರೆ, ಇದೇ ಥರ. ಆಗ್ತೈತಾ?" ಅಂದರು.

"ನವಿಲಿಗೆ ಅಗಲದ ಅಂಚು ಬಲಗೈಗೇ ಬರೋ ಹಂಗೆ ಹಾಸು ಹಾಕ್ಬೇಕು. ಹಾಳೆ ಶುಕ್ರವಾರ ಕೊಡ್ತೀನಿ," ಅಂದೆ.

ಅಕ್ಕ ಸೀರೆ ಬಿಚ್ಚಲು ಬಿಡುತ್ತಿಲ್ಲ, ಇನ್ನೊಂದು ಸ್ವಲ್ಪ ಹೊತ್ತು ಇರಲಿ ಅನ್ನುತ್ತಾಳೆ. ಅದರ ಪಕ್ಕದಲ್ಲೇ ಗೋಡೆಗೊರಗಿ ಬರೆಯುತ್ತಿದ್ದೇನೆ. ಮೈಯೆಲ್ಲ ನೋವು. ಊಟಕ್ಕೆ ಕರೆಯುತ್ತಿದ್ದಾರೆ, ಏಳಲು ಮನಸ್ಸಿಲ್ಲ.